ಐದು ಹೆಜ್ಜೆಯೊಳಗೆ

ಈ ಸಂಗತಿಯನ್ನು ನಾನು ಈವರೆಗೆ ನಾಲ್ಕಾರು ಮಂದಿಗೆ ಹೇಳಿದ್ದೇನೆ. ಹೇಳಿದಷ್ಟು ಸಲ ಆಟದಲ್ಲಿದ್ದ ನನ್ನ ಎದುರಾಳಿಯ ಕೂದಲು ಬೆಳ್ಳಗಾಗುತ್ತ ಹೋಗಿದೆ. ಮೊದಲ ಸಲ ಕಿವಿಯ ಹತ್ತಿರ ಒಂದಿಷ್ಟು ನರೆ ಎಂದಿದ್ದೆ. ಹೋದ ತಿಂಗಳು ಮಾನ್ವಿಯಲ್ಲಿ ಒಬ್ಬರ ಮುಂದೆ ಹೇಳುವಾಗ ಅವನು ಅರವತ್ತು ದಾಟಿದ ಮುದುಕನೇ ಆಗಿಬಿಟ್ಟಿದ್ದ. ಕೇಳಿದವರು, "ಪಾಪ, ಹಿರೇರಿಗೆ ಹೆಂಗ ಹೊಡಿತೀರಿ ಬಿಡ್ರಿ" ಅಂದರು. ನನಗೆ ಬೇಕಿದ್ದದ್ದೂ ಆ ಮಾತೇ. ಅದಕ್ಕೇ ಇದನ್ನು ಬರೆದಿಡಬೇಕು ಅನ್ನಿಸಿತು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನುತ್ತೇನೆ.

ನನ್ನ ಊರು ಗಬ್ಬೂರು, ಮನೆ ರಾಯಚೂರಿನಲ್ಲಿ. ಅಕ್ಕಿ ಗಿರಣಿಗಳಲ್ಲಿ ಕಪ್ಪು ಕಾಳು, ಹಳದಿ ಕಾಳು ಬೇರ್ಪಡಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಅಕ್ಕಿ ಮೇಲಿನಿಂದ ಸುರಿಯುತ್ತದೆ, ಕ್ಯಾಮೆರಾ ಕೆಟ್ಟ ಕಾಳನ್ನು ಗುರುತಿಸುತ್ತದೆ, ಸೂಜಿಯಂಥ ಕೊಳವೆಯಿಂದ ಗಾಳಿಯ ಒಂದು ಏಟು ಬೀಳುತ್ತದೆ, ಆ ಕಾಳು ಪಕ್ಕಕ್ಕೆ ಹಾರುತ್ತದೆ. ಬಣ್ಣದ ಗುಂಡು ಹೊಡೆದಾಡುವ ಆಟದ ಪೇಂಟ್‌ಬಾಲ್ ಗನ್ನೂ ನಡೆಯುವುದು ಗಾಳಿಯಿಂದಲೇ. ಗಿರಣಿಯ ಕಂಪ್ರೆಸರ್ ಅದಕ್ಕೆ ಸಾಲದು, ಬೇರೆ ಪಂಪು ಬೇಕು. ಆದರೆ ವಾಷರ್ ಹರಿಯುವುದು, ಗಾಳಿ ಸೋರುವುದು, ಸ್ಕ್ರೂ ಸಡಿಲಾಗುವುದು ಎಲ್ಲ ಒಂದೇ ಜಾತಿಯ ರೋಗಗಳು. ಹಾಗಾಗಿ ಮಾನ್ವಿ ರಸ್ತೆಯಲ್ಲಿ ನಿಂತುಹೋಗಿದ್ದ ತಮ್ಮ ಗಿರಣಿಯನ್ನು ಸಾವ್ಕಾರ್ರು ಪೇಂಟ್‌ಬಾಲ್ ಮೈದಾನ ಮಾಡಿದಾಗ ಮೊದಲ ಫೋನು ನನಗೇ ಬಂತು.

"ಏ ತಮ್ಮಾ, ಗನ್ ರಿಪೇರಿ ಮಾಡ್ತೀಯೇನು?"

"ಯಾವ ಗನ್ ರೀ ಸಾವ್ಕಾರ್ರ?"

"ಬಣ್ಣದ್ದೋ. ಹೆದರಬ್ಯಾಡ, ಬಾ."

ಭತ್ತ ಒಣಗಿಸುತ್ತಿದ್ದ ಕಣದ ಮೇಲೆ ಮಣ್ಣು ಹಾಕಿಸಿದ್ದರು. ಹೊಟ್ಟು ತುಂಬಿದ ಚೀಲಗಳನ್ನು ಎದೆಯೆತ್ತರ ಒಟ್ಟಿ ಗೋಡೆ ಮಾಡಿದ್ದರು. ಟ್ರ್ಯಾಕ್ಟರ್ ಟೈರು, ಒಂದು ಹಳೆಯ ಬಾಯ್ಲರು, ಬೇವಿನ ಮರ. ಅಡಗಿ ಕೂರಲು ಅಷ್ಟು ಸಾಕಿತ್ತು. ಬಣ್ಣದ ನೀರು ತುಂಬಿದ, ಗೋಲಿಯಷ್ಟು ದಪ್ಪದ ಗುಂಡು. ಅದು ಮೈಗೆ ಬಡಿದು ಒಡೆದರೆ ನೀವು ಆಟದಿಂದ ಹೊರಗೆ. ಒಡೆಯದೆ ಪುಟಿದು ಬಿದ್ದರೆ ಆಟದಲ್ಲಿದ್ದೀರಿ. ನಿಯಮ ಇಷ್ಟೇ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತು ದಾಟಿದರೆ ಗುಂಡುಗಳು ಮೆತ್ತಗಾಗಿ ನಳಿಗೆಯಲ್ಲೇ ಒಡೆಯುತ್ತಿದ್ದವು. ಹಾಗಾಗಿ ಅವುಗಳನ್ನು ಐಸು ಹಾಕಿದ ಐಸ್‌ಕ್ರೀಮ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು.

ಭಾನುವಾರ ಬ್ಯಾಂಕಿನವರು, ಗಿರಣಿಯವರ ಮನೆಮಂದಿ, ದೇವದುರ್ಗದ ಜಾಲಹಳ್ಳಿ ಕಡೆಯ ಮೇಷ್ಟ್ರುಗಳು ಬರುತ್ತಿದ್ದರು. ಒಂದು ಆಟ ಅರ್ಧ ಗಂಟೆ ನಡೆಯುತ್ತಿತ್ತು. ಅದರಲ್ಲಿ ಇಪ್ಪತ್ತು ನಿಮಿಷ ಯಾರೂ ಯಾರಿಗೂ ಹೊಡೆಯುತ್ತಿರಲಿಲ್ಲ. ಟೈರಿನ ಹಿಂದೆ ಕೂತು ಫೋನಿನಲ್ಲಿ, "ಇಲ್ಲೋ, ನಾ ಇನ್ನಾ ಸತ್ತಿಲ್ಲ, ಐದು ನಿಮಿಷಕ್ಕ ಮಾಡು" ಎನ್ನುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಬಣ್ಣ ಹತ್ತಿದವರು, "ಇದು ಹಳೀದ್ರೀ, ಮೊದಲನೇ ಆಟದ್ದು" ಎಂದು ವಾದಿಸುವುದು, ಸಾವ್ಕಾರ್ರು ಹೋಗಿ ಬೆರಳಿಂದ ಮುಟ್ಟಿ, "ಹಸೀ ಅದಲ್ರೀ, ನಡೀರಿ ಹೊರಗ" ಅನ್ನುವುದು, ಎಲ್ಲರೂ ನಗುವುದು.

ನಮ್ಮಲ್ಲಿ ಇನ್ನೊಂದು ನಿಯಮವಿತ್ತು. ಐದು ಹೆಜ್ಜೆಯೊಳಗೆ ಹೊಡೆಯುವಂತಿಲ್ಲ. ಅಷ್ಟು ಹತ್ತಿರ ಹೋದರೆ "ಸಾಕ್ರೀ" ಅನ್ನಬೇಕು. ಅನ್ನಿಸಿಕೊಂಡವರು ಕೈ ಎತ್ತಿ ಹೊರಗೆ ಹೋಗಬೇಕು. ಬೇರೆ ಊರುಗಳ ಮೋಜಿನ ಆಟದಲ್ಲೂ ಇಂಥ ನಿಯಮ ಇದೆಯಂತೆ, ಹತ್ತಿರದಿಂದ ಬಿದ್ದರೆ ಬಾವು ಬರುತ್ತದೆ ಎಂಬ ಕಾರಣಕ್ಕೆ. ನಮ್ಮಲ್ಲಿ ಅದು ಬಾವಿಗಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆಯಾಗಿತ್ತು. ನಾಳೆ ಬ್ಯಾಂಕಿನ ಕೌಂಟರಿನಲ್ಲಿ ಮುಖ ನೋಡಬೇಕಾದ ಮನುಷ್ಯನ ಬೆನ್ನಿಗೆ ಮೂರು ಹೆಜ್ಜೆಯಿಂದ ಹೇಗೆ ಹೊಡೆಯುವುದು? ಈ ನಿಯಮ ತಂದವರು ಯಾರು ಎಂಬುದಕ್ಕೆ ಮೂರು ಉತ್ತರಗಳಿವೆ. ಸಾವ್ಕಾರ್ರು ನನ್ನ ಕಡೆ ಕೈ ತೋರಿಸುತ್ತಾರೆ. ನಾನು ಸಾವ್ಕಾರ್ರು ಎನ್ನುತ್ತೇನೆ. ನಮ್ಮ ಜೊತೆ ಆಡುತ್ತಿದ್ದ ಲೆಕ್ಚರರ್ ಮೇಡಂ ಪ್ರಕಾರ, ಒಬ್ಬ ಬ್ಯಾಂಕ್ ಮ್ಯಾನೇಜರ್ ಸಾಹೇಬರ ಪಕ್ಕೆಗೆ ಗುಂಡು ಬಿದ್ದ ದಿನ ಅವರ ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ಕ್ಷಮೆ ಕೇಳಿದರು, ಅವತ್ತಿನಿಂದ ತಾನಾಗೇ ಶುರುವಾಯಿತು.

ಮೇಡಂ ದೇವದುರ್ಗದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ರಾಯಚೂರಿನಿಂದ ದಿನಾ ಬಸ್ಸು. ಮೂವತ್ತೆಂಟು ವಯಸ್ಸು. ಸಹೋದ್ಯೋಗಿಗಳ ಜೊತೆ ಒಂದು ಭಾನುವಾರ ಬಂದವರು ಮುಂದಿನ ಭಾನುವಾರ ಒಬ್ಬರೇ ಬಂದರು. ಅವರು ಟೈರಿನ ಹಿಂದೆ ಕೂರುತ್ತಿರಲಿಲ್ಲ, ಓಡುತ್ತಿದ್ದರು. ಎಡಗೈಯಿಂದಲೂ ಬಲಗೈಯಿಂದಲೂ ಹೊಡೆಯುತ್ತಿದ್ದರು. ಮೂರು ತಿಂಗಳಲ್ಲಿ ಸ್ವಂತ ಗನ್ನು ತರಿಸಿಕೊಂಡರು.

ಅವರೇ ಒಂದು ದಿನ ಸುದ್ದಿ ತಂದರು. ಹೈದರಾಬಾದಿನಲ್ಲಿ ಮಹಿಳೆಯರ ತಂಡವೊಂದನ್ನು ಕಟ್ಟುತ್ತಿದ್ದಾರೆ. ಅದರ ಕ್ಯಾಪ್ಟನ್ ಟೂರ್ನಮೆಂಟುಗಳಿಗೆ ಬಂದು ಆಟಗಾರ್ತಿಯರನ್ನು ನೋಡುತ್ತಾರೆ. ಆದರೆ ಭಾನುವಾರದ ಆಟಗಳನ್ನು ಮಾತ್ರ. ಶನಿವಾರ ಗುಂಪಿನ ಮೂರು ಪಂದ್ಯ. ಎರಡು ಗೆದ್ದವರಿಗಷ್ಟೇ ಭಾನುವಾರ.

"ಮೂವರ ತಂಡ ಬೇಕ್ರೀ. ನೀವು, ಸಾವ್ಕಾರ್ರು, ನಾನು," ಅಂದರು.

"ನನಗ ಐವತ್ತೆರಡ್ರೀ ಮೇಡಂ, ಮೊಣಕಾಲ ಮಾತು ಕೇಳಂಗಿಲ್ಲ," ಅಂದರು ಸಾವ್ಕಾರ್ರು.

"ನೀವು ಓಡಬ್ಯಾಡ್ರಿ. ಒಂದ ಕಡೆ ನಿಂತು ಹೊಡಕೋಂತ ಇರ್ರಿ. ನಾವು ಓಡ್ತೀವಿ. ನನಗ ಭಾನುವಾರ ಒಂದು ಆಟ ಸಿಕ್ರ ಸಾಕು."

ಹೈದರಾಬಾದಿನಲ್ಲಿ ಟೂರ್ನಮೆಂಟಿನ ಮೈದಾನ ನೋಡಿದಾಗ ನನಗೆ ಮೊದಲು ಕಾಣಿಸಿದ್ದು ಅಲ್ಲಿ ಮರವಿಲ್ಲ ಎಂಬುದು. ಹಸಿರು ಹಾಸು, ಅದರ ಮೇಲೆ ಗಾಳಿ ತುಂಬಿದ ರಬ್ಬರಿನ ತಡೆಗಳು. ಗೋಪುರದಂಥವು, ಸಿಲಿಂಡರಿನಂಥವು, ಹಾವಿನಂತೆ ಮಲಗಿದ ಒಂದು. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಆ ತುದಿಗೆ ಏನಿದೆಯೋ ಈ ತುದಿಗೂ ಅದೇ. ನಮ್ಮ ಕಣದಲ್ಲಿ ಬಾಯ್ಲರ್ ಕಡೆಯ ತಂಡಕ್ಕೆ ಯಾವಾಗಲೂ ಲಾಭ, ಅದಕ್ಕೇ ಜಗಳವಾಡಿ ಕಡೆ ಬದಲಿಸಿಕೊಳ್ಳುತ್ತಿದ್ದೆವು. ಇಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಆಟಕ್ಕೆ ಮುಂಚೆ ಪ್ರತಿ ಗನ್ನನ್ನೂ ವೇಗ ಅಳೆಯುವ ಯಂತ್ರದ ಮುಂದೆ ಹಾರಿಸಿ ನೋಡುತ್ತಿದ್ದರು. ಪಟ್ಟೆ ಅಂಗಿಯ ರೆಫ್ರಿಗಳು ಆಟಗಾರರ ಬೆನ್ನಿಗೇ ಓಡುತ್ತ ಬಣ್ಣ ಹತ್ತಿದೆಯೇ ಎಂದು ನೋಡುತ್ತಿದ್ದರು. ಹತ್ತಿದ ಬಣ್ಣವನ್ನು ಒರೆಸಿಕೊಂಡರೆ ನಿಮ್ಮ ಜೊತೆ ನಿಮ್ಮವನೊಬ್ಬನೂ ಹೊರಗೆ. ಬಜರ್ ಆದ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಫೋನು ಹಾಗಿರಲಿ, ಕೆಮ್ಮಲೂ ಪುರುಸೊತ್ತಿಲ್ಲ. ಐದು ಹೆಜ್ಜೆಯ ನಿಯಮ ಅಲ್ಲಿಲ್ಲ. ಓಡಿಹೋಗಿ ಎದುರಾಳಿಯ ತಡೆಯ ಮೇಲಿಂದ ಬಗ್ಗಿ ಹೊಡೆಯುವುದೇ ದೊಡ್ಡ ಆಟ, ಅದಕ್ಕೇ ಚಪ್ಪಾಳೆ. ಇದು ನಮಗೆ ಗೊತ್ತಿತ್ತು. ಮೇಡಂ ಹಾದಿಯುದ್ದಕ್ಕೂ ಹೇಳಿದ್ದರು.

ಮೊದಲ ಪಂದ್ಯ ಗೆದ್ದೆವು, ಎರಡನೆಯದು ಸೋತೆವು. ಮೂರನೆಯದರಲ್ಲಿ ಎರಡೂ ತಂಡಕ್ಕೆ ಸಮ ಸಮ ಪಾಯಿಂಟ್ ಆಗಿ ಕೊನೆಯ ಪಾಯಿಂಟು, ಅಂದರೆ ಕೊನೆಯ ಸುತ್ತು, ಉಳಿಯಿತು. ಸಾವ್ಕಾರ್ರು ಬೇಗ ಹೊರಗೆ ಹೋದರು. ಮೇಡಂ ಇಬ್ಬರನ್ನು ಹೊಡೆದು, ಮೂರನೆಯವನ ಗುಂಡು ಭುಜಕ್ಕೆ ಬಿದ್ದು ಹೊರಗೆ ಹೋದರು. ಉಳಿದವರು ನಾನು ಮತ್ತು ಅವನು.

ಅವನಿಗೆ ನಾನು ಎಲ್ಲಿದ್ದೇನೆ ಗೊತ್ತಿರಲಿಲ್ಲ. ಎಡಗಡೆಯ ಗೆರೆಯ ಪಕ್ಕದಲ್ಲೇ ಓಡಿ ಅವನ ಹಿಂದೆ ಬಂದೆ. ಅವನ ಬೆನ್ನು ನನ್ನ ಕಡೆಗಿತ್ತು. ನಾಲ್ಕು ಹೆಜ್ಜೆ. ನಾನು ನಿಂತೆ. ನಳಿಗೆ ಕೆಳಗಿಳಿಸಿದೆ. "ಸಾಕ್ರೀ" ಅಂದೆ.

ಅವನು ತಿರುಗಿ ನನ್ನ ಎದೆಗೆ ಮೂರು ಗುಂಡು ಹೊಡೆದ. ಬಜರ್ ಆಯಿತು.

ಇಷ್ಟು ಎಲ್ಲರೂ ಒಪ್ಪುವ ಭಾಗ. "ಸಾಕ್ರೀ" ಅಂದದ್ದು ಬಿಟ್ಟು. ಜಾಲರಿಯ ಆಚೆಯಿಂದ ಬೇರೆ ತಂಡದವರೊಬ್ಬರು ತೆಗೆದ ವಿಡಿಯೋ ಇದೆ. ಅದರಲ್ಲಿ ನಾನು ಓಡುತ್ತೇನೆ, ನಿಲ್ಲುತ್ತೇನೆ, ನಳಿಗೆ ಇಳಿಯುತ್ತದೆ. ಮಾತು ಕೇಳಿಸುವುದಿಲ್ಲ. ಮಾಸ್ಕ್ ಇರುವುದರಿಂದ ತುಟಿ ಕಾಣುವುದಿಲ್ಲ. ಎದುರಾಳಿಯ ತಲೆಗೆ ಕಪ್ಪು ಬಟ್ಟೆ ಕಟ್ಟಿದೆ, ಒಂದು ಕೂದಲೂ ಹೊರಗಿಲ್ಲ. ಹಾಗಾದರೆ ಆ ನರೆ ಎಲ್ಲಿಂದ ಬಂತು? ಅವನು ಮಾಸ್ಕ್ ತೆಗೆದಾಗ ನೋಡಿರಬಹುದು. ಆದರೆ ಅವನು ಮಾಸ್ಕ್ ತೆಗೆದದ್ದು ನನಗೆ ನೆನಪಿಲ್ಲ. ನಾನು ಎದೆಯ ಬಣ್ಣ ನೋಡುತ್ತಿದ್ದೆ.

ವಾಪಸು ಬರುವಾಗ ಕೃಷ್ಣಾ ಸೇತುವೆಗೆ ಸ್ವಲ್ಪ ಮುಂಚೆ ಚಹಾಕ್ಕೆ ಕಾರು ನಿಲ್ಲಿಸಿದೆವು. ಮೇಡಂ ಚಹಾದ ಕಪ್ ಕೈಯಲ್ಲಿ ಹಿಡಿದು ಕೇಳಿದರು.

"ಖರೇ ಹೇಳ್ರಿ ಅಣ್ಣಾರ. ಸಾಕ್ರೀ ಅಂದ್ರೋ, ಇಲ್ಲಾ ಅಂಜಿ ನಿಂತ್ರೋ?"

"ಅಂದೇರಿ."

"ನಾ ಕೇಳೀನಿ," ಅಂದರು ಸಾವ್ಕಾರ್ರು ನಡುವೆ ಬಾಯಿ ಹಾಕಿ. "ಸ್ಪಷ್ಟ ಕೇಳಿಸ್ತು ನನಗ."

"ನೀವು ಗೇಟಿನ ಹೊರಗ ನೀರು ಕುಡೀಲಿಕ್ಕತ್ತಿದ್ರಿ ಸಾವ್ಕಾರ್ರ."

"ನೀರು ಕುಡದ್ರ ಕಿವಿ ಮುಚ್ತಾವೇನ್ರೀ?"

ಮೇಡಂ ನಗಲಿಲ್ಲ. "ಅಂದಿದ್ರ ಅದು ರೂಢಿ, ಬಿಡಿಸಬಹುದು. ಅಂಜಿ ನಿಂತಿದ್ರ ನನಗ ಬ್ಯಾರೆಯವರು ಬೇಕು. ಅದಕ್ಕ ಕೇಳಾಕತ್ತೀನಿ. ಸಿಟ್ಟಿಲ್ಲ." ಸಿಟ್ಟಿತ್ತು. ಚಹಾ ಪೂರ್ತಿ ಕುಡಿಯದೆ ಇಟ್ಟು ಕಾರಿನಲ್ಲಿ ಹೋಗಿ ಕೂತರು. ಆ ಭಾನುವಾರ ಅವರು ನೋಡಿಸಿಕೊಳ್ಳಬೇಕಿದ್ದ ಆಟವನ್ನು ಬೇರೆ ಯಾರೋ ಆಡಿದರು.

ಐದು ತಿಂಗಳಿಗೆ ಇನ್ನೊಂದು ಟೂರ್ನಮೆಂಟ್ ಇತ್ತು. ಮೇಡಂ ನನಗೆ ಪ್ರತಿ ಬುಧವಾರ ಬೆಳಿಗ್ಗೆ ಆರೂವರೆಗೆ ಕಣಕ್ಕೆ ಬರಲು ಹೇಳಿದರು. ಪಾಠ ಮುಗಿಸಿ ಅವರು ದೇವದುರ್ಗದ ಬಸ್ಸು ಹಿಡಿಯಬೇಕು. ಪಾಠ ಇಷ್ಟೇ: ಅವರು ಹೊಟ್ಟಿನ ಚೀಲಗಳ ಹಿಂದೆ ನನಗೆ ಬೆನ್ನು ಹಾಕಿ ನಿಲ್ಲುತ್ತಾರೆ. ನಾನು ಓಡಿ ಬಂದು ಮೂರು ಹೆಜ್ಜೆಯಿಂದ ಹೊಡೆಯಬೇಕು. ಬಾಯಿ ತೆರೆಯಬಾರದು.

ಮೊದಲ ಬುಧವಾರ ಎಂಟು ಸಲ ಓಡಿದೆ. ಎಂಟು ಸಲವೂ ಬಾಯಿಂದ ಏನೋ ಬಂತು. "ಸಾಕ್ರೀ" ಅಲ್ಲ, ಅದನ್ನು ನುಂಗಿದರೆ "ಮೇಡಂ" ಬರುತ್ತಿತ್ತು. ಅದನ್ನೂ ನುಂಗಿದರೆ ಕೆಮ್ಮು.

"ನಿಮ್ಮ ಮಷಿನ್ ಹತ್ರ ಹೋಗಿ ಕಲೀರಿ ಅಣ್ಣಾರ," ಅಂದರು. "ಅದು ಕಾಳಿಗೆ ಹೇಳಿ ಕೇಳಿ ಊದ್ತದೇನು?"

ಎರಡನೆಯ ಬುಧವಾರ ಬಾಯಿ ಮುಚ್ಚಿತು, ಕೈ ಓರೆಯಾಯಿತು. ಆರಕ್ಕೆ ಆರೂ ಚೀಲಕ್ಕೆ ಬಿದ್ದವು. ತೂತಿನಿಂದ ಹೊಟ್ಟು ಸುರಿದು ಅವರ ಶೂ ಮುಚ್ಚಿತು. ಸಾವ್ಕಾರ್ರು ಬೇವಿನ ಕೆಳಗೆ ವಿಭೂತಿ ಹಚ್ಚಿಕೊಂಡು ಕೂತವರು, "ಲೇ ತಮ್ಮಾ, ಚೀಲಾನೂ ನಂದ ಐತೋ" ಎಂದು ಕೂಗಿದರು.

ಮೂರನೆಯ ಬುಧವಾರ ಓಡಿದೆ, ನಿಲ್ಲಲಿಲ್ಲ, ಮಾತಾಡಲಿಲ್ಲ, ಹೊಡೆದೆ. ಗುಂಡು ನೇರ ಅವರ ಬೆನ್ನಿನ ನಡುವೆ ಬಡಿಯಿತು. ನನಗೆ ಒಂದು ಗಳಿಗೆ ಎಂಥದೋ ಖುಷಿ. ಆಮೇಲೆ ನೋಡಿದರೆ ಗುಂಡು ಒಡೆದೇ ಇಲ್ಲ. ಪುಟಿದು ಮಣ್ಣಿನಲ್ಲಿ ಬಿದ್ದು ಹಳದಿಗೆ ಹೊಳೆಯುತ್ತಿತ್ತು. ಮೂರು ಹೆಜ್ಜೆಯಿಂದ ಹೊಡೆದ ಗುಂಡು ಒಡೆಯದೆ ಇರುವುದಿಲ್ಲ, ಗಾಳಿ ಸರಿಯಿದ್ದರೆ.

ಮೇಡಂ ಅದನ್ನು ಎತ್ತಿಕೊಂಡು ನನ್ನ ಗನ್ನು ಕೈಗೆ ತೆಗೆದುಕೊಂಡರು. ನೆಲಕ್ಕೆ ಒಂದು ಹಾರಿಸಿದರು. ಪುಸ್ ಎಂದಿತು.

"ಗಾಳಿ ಎಷ್ಟಿಟ್ಟೀರಿ?"

"ರಾತ್ರಿ ವಾಷರ್ ಬದಲಿ ಮಾಡೀನ್ರಿ. ಗಾಳಿ ಹೆಚ್ಚುಕಡಿಮಿ ಮಾಡೋ ಸ್ಕ್ರೂ ಸ್ವಲ್ಪ ಸಡಿಲಾಗಿರಬೇಕು."

"ಹದಿನೈದು ವರ್ಷದಿಂದ ನಿಮ್ಮ ಕೈಯಾಗ ಯಾವ ಸ್ಕ್ರೂ ತಾನಾಗೇ ಸಡಿಲಾಗೈತ್ರೀ?"

ವಾಷರ್ ಬದಲಿಸಿದ್ದು ನೆನಪಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಗನ್ನು ಬಿಚ್ಚಿಟ್ಟದ್ದು, ಹೆಂಡತಿ ಅದನ್ನು ತೆಗೆಯಿರಿ ಎಂದದ್ದು ನೆನಪಿದೆ. ಸ್ಕ್ರೂ ತಿರುಗಿಸಿದ್ದು ನೆನಪಿಲ್ಲ. ಆದರೆ ಅದು ಪೂರಾ ಎರಡು ಸುತ್ತು ಇಳಿದಿತ್ತು. ಸಡಿಲಾಗುವ ಸ್ಕ್ರೂ ಎರಡು ಸುತ್ತಿಗೆ ಸರಿಯಾಗಿ ನಿಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಕಡಿಮೆ.

ಮೇಡಂ ಈ ಸಲ ಸಿಟ್ಟಾಗಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದು ನೀರು ಕುಡಿದರು.

"ಅಂಜಿಕಿ ಅಲ್ಲ ಅಂತ ಗೊತ್ತಾತು," ಅಂದರು. "ಆದ್ರ ರೂಢಿನೂ ಅಲ್ಲ. ನೀವು ಆಟಕ್ಕ ಬರಬ್ಯಾಡ್ರಿ ಅಣ್ಣಾರ. ಗನ್ ನೋಡ್ಕೊಳ್ಳಾಕ ಬರ್ರಿ."

ನಾನು ಹೂಂ ಅಂದೆ. ಬೇಸರವಾಯಿತು. ಹಗುರವೂ ಆಯಿತು. ಯಾವುದು ಮೊದಲು ಎಂದು ಕೇಳಿದರೆ ಈಗ ಒಂದನ್ನು ಆರಿಸಿ ಹೇಳಬಹುದು, ಆದರೆ ಅದು ಆರಿಸಿದ್ದೇ ಆಗುತ್ತದೆ.

ನನ್ನ ಜಾಗಕ್ಕೆ ಸಿರವಾರದ ಅಕ್ಕ ಬಂದರು. ಬೀಜ, ಗೊಬ್ಬರ, ಔಷಧದ ಅಂಗಡಿ ನಡೆಸುವ ಹೆಂಗಸು. ದಪ್ಪ ಮೈ, ಸಣ್ಣ ದನಿ. ತಮ್ಮ ಮೈದುನನ ಮಗಳ ಹುಟ್ಟುಹಬ್ಬಕ್ಕೆ ಕಣಕ್ಕೆ ಬಂದು ಮನೆಮಂದಿಯನ್ನೆಲ್ಲ ಹೊಡೆದು ಹಾಕಿದ್ದರು. ಮೇಡಂ ಅವರ ಮೇಲೆ ಅವತ್ತೇ ಕಣ್ಣಿಟ್ಟಿದ್ದರಂತೆ.

"ಮೂರು ಹೆಜ್ಜೆಯಿಂದ ಹೊಡೀತೀರೇನ್ರೀ?" ಎಂದು ಮೇಡಂ ಕೇಳಿದಾಗ ಅಕ್ಕ, "ಯಾರಿಗೆ?" ಅಂದರು.

"ಯಾರಿಗರೆ ಆಗ್ಲಿ."

"ಆಟದಾಗ ಅಲ್ಲೇನ್ರೀ? ಹೊಡೀತೀನಿ."

ಮುಗಿಯಿತು. ನಾನು ಮೂರು ಬುಧವಾರ ಓಡಿದ್ದು ಅವರಿಗೆ ಒಂದು ಮಾತಿನ ಕೆಲಸವಾಗಿತ್ತು.

ಎರಡನೆಯ ಟೂರ್ನಮೆಂಟಿನಲ್ಲಿ ನಾನು ಜಾಲರಿಯ ಹೊರಗೆ, ಮೇಜಿನ ಹಿಂದೆ ಇದ್ದೆ. ಗನ್ನಿನ ಬಾಟಲಿಗಳಿಗೆ ಗಾಳಿ ತುಂಬುವುದು, ನಳಿಗೆ ಒರೆಸುವುದು, ವೇಗ ಅಳೆಸುವುದು. ಮೂರೂ ಗನ್ನುಗಳ ವೇಗವನ್ನು ಮಿತಿಗೆ ಕೂದಲಷ್ಟು ಕೆಳಗೆ ತಂದು ನಿಲ್ಲಿಸಿದ್ದೆ. ರೆಫ್ರಿ ಅಳೆದು ನನ್ನ ಮುಖ ನೋಡಿದ. ಮೂರನೆಯ ಪಂದ್ಯದಲ್ಲಿ ಅಕ್ಕ ಗೆರೆಯ ಪಕ್ಕದಲ್ಲೇ ಓಡಿದರು, ಓಟ ಅಂದರೆ ಜೋರು ನಡಿಗೆ, ಮತ್ತು ಮೂರು ಹೆಜ್ಜೆಯಿಂದ ಒಬ್ಬ ಹುಡುಗನ ಬೆನ್ನಿಗೆ ಎರಡು ಇಟ್ಟರು. ಅವನು "ಅಬ್ಬಾ" ಎಂದು ಕೂತುಬಿಟ್ಟ. ಬಜರ್ ಆದ ಮೇಲೆ ಅಕ್ಕ ಅವನ ಹತ್ತಿರ ಹೋಗಿ ಮಾಸ್ಕ್ ಎತ್ತಿ, "ಭಾಳ ಪೆಟ್ಟು ಹತ್ತಿತೇನೋ ಯಪ್ಪಾ?" ಎಂದು ಕೇಳಿ, ನನ್ನಿಂದ ಐಸು ಇಸಿದುಕೊಂಡು ಹೋಗಿ ಕೊಟ್ಟರು. ಹೊಡೆದ ಮೇಲೆ ಕೇಳಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ನಮ್ಮವರು ಮೊದಲ ಪಂದ್ಯದಲ್ಲೇ ಸೋತರು. ಮೇಡಂ ಎರಡು ಪಾಯಿಂಟಿನಲ್ಲಿ ಚೆನ್ನಾಗಿ ಆಡಿದರಂತೆ. ನಾನು ನೋಡಲಿಲ್ಲ, ಪಂಪಿನ ಪೈಪು ಸೋರುತ್ತಿತ್ತು, ಅದನ್ನು ಹಿಡಿದುಕೊಂಡಿದ್ದೆ. ತಲೆ ಎತ್ತಿದಾಗ ಅವರು ಬಿಸಿಲಿನಲ್ಲಿ ನಿಂತು ಯಾರೋ ಎತ್ತರದ ಹೆಂಗಸಿನ ಜೊತೆ ಮಾತಾಡುತ್ತಿದ್ದರು. ಬಹಳ ಹೊತ್ತು. ಆಮೇಲೆ ಮೇಜಿನ ಹತ್ತಿರ ಬಂದರು.

"ತಿಂಗಳಿಗೆ ಎರಡು ಭಾನುವಾರ ಬರ್ರಿ ಅಂತ ಅವರ ಕ್ಯಾಪ್ಟನ್ ಅಂದ್ರು," ಅಂದರು. "ಆರು ತಿಂಗಳು ನೋಡ್ತಾರಂತ. ಆಮ್ಯಾಲ ಹೇಳ್ತಾರಂತ."

"ಹೋಗ್ತೀರೇನ್ರೀ?" ಎಂದೆ.

"ಹೋಗ್ದ ಏನ್ ಮಾಡ್ಲಿ? ಚಹಾ ಕುಡ್ಯೂಣ ಬರ್ರಿ."

ಈಗ ಅವರು ಹೋಗುತ್ತಿದ್ದಾರೆ. ಶನಿವಾರ ಕಾಲೇಜು ಮುಗಿಸಿ ಸಂಜೆ ರಾಯಚೂರಿನಿಂದ ಹೈದರಾಬಾದಿನ ಬಸ್ಸು. ಹೋಗುವ ಮುಂಚೆ ಗನ್ನು ನನ್ನ ಮನೆಗೆ ಬರುತ್ತದೆ, ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ತಂಡದಲ್ಲಿ ಖಾಯಂ ಆದರೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಕಣಕ್ಕೆ ಅವರು ಆಮೇಲೆ ಬಂದದ್ದು ಒಂದೇ ಸಲ. ಹಾಗೆಂದು ನನಗೆ ಅನ್ನಿಸುತ್ತದೆ. ಸಾವ್ಕಾರ್ರು ಅದು ಎರಡನೆಯ ಟೂರ್ನಮೆಂಟಿಗೆ ಮುಂಚಿನ ಮಾತು ಎನ್ನುತ್ತಾರೆ. ನಾನು ಹೇಳುವ ಕ್ರಮದಲ್ಲಿ ಕಥೆ ಚೆನ್ನಾಗಿ ಕೂರುತ್ತದೆ, ಅದಕ್ಕೇ ನನಗೇ ಅನುಮಾನ. ಯಾವಾಗಲೇ ಆಗಲಿ, ಆದದ್ದು ಇದು. ಬ್ಯಾಂಕಿನವರಿಗೆ ಒಬ್ಬರು ಕಡಿಮೆ ಬಿದ್ದರು ಎಂದು ಮೇಡಂ ಆಟಕ್ಕೆ ನಿಂತರು. ಟೈರಿನ ಹಿಂದೆ ಎದುರು ತಂಡದ ಒಬ್ಬ ಹೆಣ್ಣುಮಗಳು ಕೂತಿದ್ದಳು, ಕೆಲಸಕ್ಕೆ ಸೇರಿ ತಿಂಗಳಾದ ಕ್ಲರ್ಕು, ಮಾಸ್ಕಿನೊಳಗೆ ಮಂಜು ಕಟ್ಟಿದೆ ಎಂದು ಅದನ್ನು ಅಲ್ಲಾಡಿಸುತ್ತಿದ್ದಳು. ಮೇಡಂ ಬಾಯ್ಲರ್ ಬಳಸಿ ಓಡಿ ಬಂದು ಎರಡು ಹೆಜ್ಜೆಯಿಂದ ಹೊಡೆದರು. ಮಾತಿಲ್ಲ. "ಯವ್ವಾ!" ಎಂದು ಆ ಹುಡುಗಿ ಕೂಗಿದ್ದು ರಸ್ತೆಗೆ ಕೇಳಿಸಿತು.

ಕಣವೆಲ್ಲ ನಿಂತುಹೋಯಿತು. ಮೇಡಂ ಮುಂದಿನವರನ್ನು ಹುಡುಕುತ್ತ ಆಗಲೇ ಅರ್ಧ ತಿರುಗಿದ್ದರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಮೇಡಂ," ಅಂದರು ಸಾವ್ಕಾರ್ರು ಬೇವಿನ ಕೆಳಗಿಂದ, ಬಹಳ ಮೆತ್ತಗೆ, "ಹೊರಗ ಬರ್ರಿ."

ಬಂದರು. ನನ್ನ ಮೇಜಿನ ಮೇಲೆ ಗನ್ನು ಇಟ್ಟು, ಆ ಹುಡುಗಿಯ ಕಡೆ ನೋಡುತ್ತ, "ಐಸ್ ಎಲ್ಲಿಟ್ಟೀರಿ?" ಎಂದು ಕೇಳಿದರು. ನಾನು ಡಬ್ಬಿ ತೋರಿಸಿದೆ.